ಕಿತ್ತಮ್ಮನ ಕೈ

ಹಸಿ ತೊಗಲಿಗೆ ಸುಣ್ಣ ಸವರಿದಾಗ ಒಂದು ವಾಸನೆ ಏಳುತ್ತದೆ. ಮೂಗಿಗೆ ಬಡಿಯುವ ಮೊದಲು ಕಣ್ಣಿಗೆ ಬಡಿಯುತ್ತದೆ. ಅವಳು ಆ ವಾಸನೆಯಲ್ಲೇ ಹುಟ್ಟಿದಳು, ಅದರಲ್ಲೇ ಅಂಬೆಗಾಲಿಟ್ಟಳು, ಅದನ್ನೇ ಮೈಗೆ ಸುತ್ತಿಕೊಂಡು ಶಾಲೆಗೆ ಹೋದಳು. ಅಪ್ಪ ಹದದ ತೊಟ್ಟಿಯಲ್ಲಿ ಮೊಣಕಾಲುದ್ದ ಇಳಿದು ತೊಗಲು ತುಳಿಯುತ್ತಿದ್ದ. ಅಮ್ಮ ಬಾಗಿದ ಚೂರಿಯಿಂದ ಅದರ ಕೂದಲು ಹೆರೆಯುತ್ತಿದ್ದಳು. ಶಾಲೆಯಲ್ಲಿ ಅವಳು ಕೂತ ಬೆಂಚು ಖಾಲಿಯಾಗುತ್ತಿತ್ತು. ಒಬ್ಬ ಟೀಚರು ಮಾತ್ರ ಕಿಟಕಿ ತೆರೆದು, "ಇಲ್ಲಿ ಗಾಳಿ ಚೆನ್ನಾಗಿದೆ, ಬಂದು ಕೂತ್ಕೋ ಮಗಳೇ" ಎಂದಿದ್ದರು. ವಾಸನೆಯ ಮಾತೇ ಎತ್ತಿರಲಿಲ್ಲ. ಅಷ್ಟು ಸಣ್ಣ ಮಾತನ್ನು ಅವಳು ತಲೆ ನೆರೆತ ಮೇಲೂ ಮರೆತಿಲ್ಲ.

ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಹೋದಾಗ ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮಪ್ಪ ಏನ್ ಮಾಡ್ತಿದ್ದ?"

ಹೇಳಿದಳು. ಮೇಜಿನ ಆಚೆ ಕೂತವನು ಪಕ್ಕದವನ ಕಡೆ ತಿರುಗಿ ನಕ್ಕ. "ಹಾಗಾದ್ರೆ ಗಾಯದ ವಾರ್ಡಿಗೇ ಹಾಕಿ. ಇವರಿಗೆ ಮೂಗು ಸತ್ತಿರುತ್ತೆ."

ಮೂಗು ಸತ್ತಿರಲಿಲ್ಲ. ಅದನ್ನು ಹೇಳಿದ್ದರೆ ಕೆಲಸ ಸಿಗುತ್ತಿರಲಿಲ್ಲ. ಹೂಂ ಅಂದಳು.

ಅದು ಬೇಗ ಮಾಯದ ಗಾಯಗಳ ಮಕ್ಕಳ ವಾರ್ಡು. ಸುಟ್ಟು, ಮಾಯದೆ ಉಳಿದವರು. ಮಲಗಿ ಮಲಗಿ ಬೆನ್ನು ಕೊಳೆತವರು. ಹುಟ್ಟಿನಿಂದಲೇ ಮುಟ್ಟಿದರೆ ಸುಲಿಯುವ ಚರ್ಮದವರು. ಇಲ್ಲಿ ಮಕ್ಕಳು ವಾರಕ್ಕೆ, ತಿಂಗಳಿಗೆ ಬರುವುದಿಲ್ಲ. ಹಲ್ಲು ಬೀಳುವ ಮೊದಲು ಬಂದು, ಹೊಸ ಹಲ್ಲು ಬಂದ ಮೇಲೂ ಅದೇ ಮಂಚದಲ್ಲಿ ಇರುತ್ತಾರೆ.

ಅವರನ್ನು ನೋಡಲು ಒಂದು ತಂಡವಿತ್ತು. ಹೆಸರುವಾಸಿ ತಂಡ. ವಾರಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಬರುತ್ತಿದ್ದರು. ಮುಂದೆ ದೊಡ್ಡ ಡಾಕ್ಟರು, ಹಿಂದೆ ಊಟದ ಮೇಡಂ, ಕೈಕಾಲು ಆಡಿಸುವ ವ್ಯಾಯಾಮದ ಮೇಷ್ಟ್ರು, ಮನೆ ಕಡೆ ವಿಚಾರಿಸುವ ಮೇಡಂ, ಕೊನೆಗೆ ವಾರ್ಡಿನ ಸಿಸ್ಟರು. ಮಕ್ಕಳ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬೇರೆ ಊರಿನ ಆಸ್ಪತ್ರೆಯವರು ಕಲಿತು ಹೋಗಲು ಬರುತ್ತಿದ್ದರು.

ವಾರ್ಡಿನಲ್ಲಿ ಎಲ್ಲರಿಗಿಂತ ಹಳಬಳು ಒಬ್ಬ ಹುಡುಗಿ. ಸೊಂಟದಲ್ಲಿ ಗಾಯ, ನಾಲಿಗೆಯಲ್ಲಿ ಬೆಂಕಿ. ಎಲ್ಲದಕ್ಕೂ ವಾದ ಹೂಡುತ್ತಿದ್ದುದರಿಂದ ಅವಳಿಗೆ ವಕೀಲಿ ಎಂದೇ ಹೆಸರಾಗಿತ್ತು. ಅವಳು ಉಳಿದ ಮಕ್ಕಳಿಗೆ ತಂಡದ ಬಗ್ಗೆ ಪಾಠ ಮಾಡುತ್ತಿದ್ದಳು.

"ನೋಡ್ರೋ, ಗಾಯ ದೊಡ್ಡ ಡಾಕ್ಟರಿಗೆ. ಹೊಟ್ಟೆ ಊಟದ ಮೇಡಂಗೆ. ಮಂಡಿ ಮೇಷ್ಟ್ರಿಗೆ. ಅಪ್ಪ ಅಮ್ಮನ ಜಗಳ ಆ ಇನ್ನೊಬ್ಬ ಮೇಡಂಗೆ. ಎಲ್ಲಾ ಪಾಲಾಯ್ತು."

"ನೋವು?" ಎಂದು ಯಾರಾದರೂ ಕೇಳಲೇಬೇಕಿತ್ತು.

"ನೋವು ಕಿತ್ತಮ್ಮಂಗೆ!"

ಮಕ್ಕಳು ನಗುತ್ತಿದ್ದರು. ಬಕೆಟ್ಟು ಹಿಡಿದು ಅಲ್ಲೇ ನಿಂತಿರುತ್ತಿದ್ದ ಆಯಾಳೂ ನಗುತ್ತಿದ್ದಳು. ಕಿತ್ತಮ್ಮ ಎಂದರೆ ಅವಳೇ.

ಆ ಹೆಸರು ಬಂದದ್ದು ಹೀಗೆ. ಉಳಿದ ದಿನ ಸಿಸ್ಟರು ಪಟ್ಟಿಗೆ ಉಪ್ಪುನೀರು ಸುರಿದು, ನೆನೆಸಿ, ಬಟ್ಟೆ ತಾನಾಗಿ ಬಿಟ್ಟುಕೊಂಡ ಮೇಲೆ ಬಿಚ್ಚುತ್ತಿದ್ದರು. ತಂಡ ಬರುವ ದಿನ ಹಾಗಲ್ಲ. ತಂಡ ಕಾಯುವುದಿಲ್ಲ. ಬರುವ ಹೊತ್ತಿಗೆ ಸಾಲಿನ ಎಲ್ಲ ಗಾಯಗಳೂ ಬಿಚ್ಚಿಟ್ಟು ಸಿದ್ಧವಾಗಿರಬೇಕು, ಒಣಗಿಯೂ ಇರಬೇಕು. ಯಾವಾಗಲೋ ಒಂದು ಸಲ ಮಗುವಿನ ಕಾಲಿನಿಂದ ಉಪ್ಪುನೀರು ತೊಟ್ಟಿಕ್ಕಿ ದೊಡ್ಡ ಡಾಕ್ಟರ ಹೊಸ ಬೂಟಿನ ಮೇಲೆ ಬಿದ್ದಿತ್ತು. "ಒಣಗಿಸಿ ಇಡೋಕೆ ಏನಾಗಿತ್ತು ನಿಮಗೆ?" ಎಂದು ಗದರಿ ಅವರು ಮುಂದೆ ಹೋದರು. ಆಮೇಲೆ ಮರೆತೂ ಬಿಟ್ಟಿರಬೇಕು. ವಾರ್ಡು ಮರೆಯಲಿಲ್ಲ. ಅಂದಿನಿಂದ ಅದೇ ಕಾಯಿದೆ. ಆ ದಿನ ನೀರು ಮುಟ್ಟಿಸುವ ಹಾಗಿಲ್ಲ.

ಒಣಗಿದ ಬಟ್ಟೆ ಗಾಯಕ್ಕೆ ಅಂಟಿರುತ್ತದೆ. ಹಾಗೇ ಕೀಳಬೇಕು. ಅದನ್ನು ಸಿಸ್ಟರು ಮಾಡುತ್ತಿರಲಿಲ್ಲ. "ನನ್ನ ಕೈಲಾಗಲ್ಲಪ್ಪ, ನಾನೂ ಮಕ್ಕಳೊಂದಿಗಳು" ಎನ್ನುತ್ತಿದ್ದರು. ಆಯಾಳ ಕೈಲಿ ಆಗುತ್ತದೆ. ಆಯಾಳ ಮಗ ಹುಟ್ಟಿ ಮೂರು ದಿನಕ್ಕೇ ಹೋಗಿದ್ದ. ಹಾಗಾಗಿ ಅವಳು ಮಕ್ಕಳೊಂದಿಗಳಲ್ಲ.

ಮೊದಮೊದಲು ಅವಳು ನಿಧಾನವಾಗಿ ಕೀಳುತ್ತಿದ್ದಳು. ನಿಧಾನ ಮಾಡಿದರೆ ಮಗು ಹೆಚ್ಚು ಹೊತ್ತು ಕಿರುಚುತ್ತದೆ. ಆಮೇಲೆ ಒಂದೇ ಏಟಿಗೆ ಕೀಳುವುದನ್ನು ಕಲಿತಳು. ಕಾಲಿನ ಗಾಯವಾದರೆ ಎಡಗೈಯಲ್ಲಿ ಮೀನಖಂಡ ಒತ್ತಿ ಹಿಡಿಯಬೇಕು. ಬಲಗೈಯಲ್ಲಿ ತುದಿ ಎತ್ತಬೇಕು. ಉಸಿರು ಬಿಗಿಹಿಡಿಯಬೇಕು. ಎಳೆಯಬೇಕು. ಬಟ್ಟೆಯ ಜೊತೆ ಏನೇನೋ ಬರುತ್ತಿತ್ತು. ರಕ್ತ ಬರುತ್ತಿತ್ತು. ಆಮೇಲೆ ಮಕ್ಕಳು ಸಾಲಾಗಿ ಬಿಚ್ಚಿದ ಗಾಯ ಹೊತ್ತು ಮಲಗಿ ಕಾಯುತ್ತಿದ್ದರು. ಫ್ಯಾನಿನ ಗಾಳಿಗೆ ಗಾಯ ಉರಿಯುತ್ತಿತ್ತು. ಫ್ಯಾನು ನಿಲ್ಲಿಸಿದರೆ ನೊಣ. ತಂಡ ಬರುವ ಹೊತ್ತಿಗೆ ಬೆಳಗ್ಗಿನ ರಕ್ತ ಕರಿ ಕಟ್ಟಿರುತ್ತಿತ್ತು.

ದೊಡ್ಡ ಡಾಕ್ಟರು ಬಗ್ಗಿ ನೋಡಿ ತಲೆಯಾಡಿಸುತ್ತಿದ್ದರು. "ಇನ್ನೂ ಚರ್ಮ ಕಟ್ಟಿಲ್ಲವಲ್ಲ. ಯಾಕೆ?"

ಆಗ ತಂಡ ಯೋಚಿಸುತ್ತಿತ್ತು. ತಾಯಿ ಸರಿಯಾಗಿ ತಿನ್ನಿಸುತ್ತಿಲ್ಲ ಎಂದು ಊಟದ ಮೇಡಂ. ಹುಡುಗ ಸೋಮಾರಿ ಎಂದು ಮೇಷ್ಟ್ರು. ಮನೆ ಕೊಳಕು ಎಂದು ಇನ್ನೊಬ್ಬ ಮೇಡಂ. ವರ್ಷಗಟ್ಟಲೆ ಮನೆಯ ಮುಖವನ್ನೇ ಕಾಣದ ಮಗುವಿನ ಮನೆ ಕೊಳಕು!

ಈ ಸಾಲಿಗೆ ಬಂದು ಸೇರಿದವಳು ಗುಬ್ಬಿ. ಹಿಡಿಯಷ್ಟು ಹುಡುಗಿ. ಅವಳ ಅಮ್ಮ ಹೋಟೆಲುಗಳ ಹಾಸಿಗೆ ಬಟ್ಟೆ ಕುದಿಸಿ ಒಗೆಯುವ ಲಾಂಡ್ರಿಯಲ್ಲಿ ಕೆಲಸದವಳು. ಮಗಳನ್ನು ಬಿಟ್ಟು ಬರಲು ಯಾರೂ ಇರಲಿಲ್ಲ. ಬಟ್ಟೆ ಗಂಟಿನ ಮೇಲೆ ಕೂರಿಸಿಕೊಂಡು ಕೆಲಸ ಮಾಡುತ್ತಿದ್ದಳು. ಒಂದು ದಿನ ಕುದಿಯುವ ಹಂಡೆಯ ಕಾಲು ಮುರಿಯಿತು. ನೀರು ಗುಬ್ಬಿಯ ಬಲಗಾಲು ಹುಡುಕಿಕೊಂಡು ಬಂತು. ಹಂಡೆಯ ಕಾಲು ಆಡುತ್ತಿದೆ ಎಂದು ಅಮ್ಮ ಯಜಮಾನನಿಗೆ ಎಷ್ಟೋ ಸಲ ಹೇಳಿದ್ದಳು. ಹಂಡೆಗೆ ಹೊಸ ಕಾಲು ಬಂತು. ಗುಬ್ಬಿಯ ಕಾಲು ಮಾಯಲಿಲ್ಲ.

ಒಂದು ವಾರ ದೊಡ್ಡ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು.

"ಮುಂದಿನ ಸಲಕ್ಕೂ ಚರ್ಮ ಕಟ್ಟದಿದ್ರೆ ತೊಡೆಯಿಂದ ಸುಲಿದು ಹಾಕೋಣ."

ಗುಬ್ಬಿಯ ಅಮ್ಮ ಮಂಚದ ಕಂಬಿ ಹಿಡಿದು ಕೇಳಿದಳು. "ಸುಲಿದ ಜಾಗ ಮಾಯುತ್ತಾ ಸಾರ್? ಇದೇ ಮಾಯ್ತಿಲ್ಲ."

"ಹೋಟೆಲ್ ಬಟ್ಟೆ ಒಗೆಯೋರಿಗೆ ಅದೆಲ್ಲಾ ಅರ್ಥ ಆಗಲ್ಲಮ್ಮ. ಮಗೂನ ಕುದಿಯೋ ನೀರಿನ ಪಕ್ಕ ಕೂರಿಸೋವಾಗ ಕೇಳಬೇಕಿತ್ತು ಈ ಪ್ರಶ್ನೆ."

ತಂಡ ಮುಂದಿನ ಮಂಚಕ್ಕೆ ಹೋಯಿತು. ಅಮ್ಮ ಕಂಬಿ ಬಿಡಲಿಲ್ಲ. ಆಚೆ ಮಂಚದ ಯಾರದೋ ಅಜ್ಜಿ ಎದ್ದು ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಕಿತ್ತಮ್ಮನ ಕಿವಿಯಲ್ಲಿ ಒಂದು ಮಾತು ಉಳಿಯಿತು. ಸುಲಿದು. ಸುಲಿಯುವುದೆಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಅವಳ ಅಪ್ಪ ಸುಲಿದದ್ದು ಸತ್ತದ್ದನ್ನು.

ತಂಡ ಬರುವುದಕ್ಕೆ ಎರಡು ದಿನ ಮೊದಲು ಗುಬ್ಬಿಯ ಪಟ್ಟಿ ಬದಲಿಸಿದರು. ಸಿಸ್ಟರು ನೆನೆಸಿ ಬಿಚ್ಚಿದರು. ಕಿತ್ತಮ್ಮ ಕಾಲು ಹಿಡಿದುಕೊಂಡಿದ್ದಳು. ಗಾಯದ ಅಂಚಿನಿಂದ ಒಳಕ್ಕೆ ಏನೋ ಹಬ್ಬಿತ್ತು. ಕಾಯಿಸಿದ ಹಾಲು ಆರುವಾಗ ಕೆನೆ ಕಟ್ಟುತ್ತದಲ್ಲ, ಅಷ್ಟು ತೆಳುವಾಗಿ. ಊದಿದರೆ ಸುಕ್ಕಾದೀತು.

"ಚರ್ಮ" ಎಂದರು ಸಿಸ್ಟರು, ಪಿಸುಮಾತಿನಲ್ಲಿ. ಅವರ ಮುಖ ಅರಳಿತ್ತು. ಸುಳ್ಳು ಹೇಳಬಾರದು, ಒಳ್ಳೆಯ ಹೆಂಗಸೇ. ತಮ್ಮ ಸ್ವಂತ ಬಣ್ಣದ ಪೆನ್ನಿನಿಂದ ಗುಬ್ಬಿಯ ಹೊಸ ಪಟ್ಟಿಯ ಮೇಲೆ ಒಂದು ಪುಟ್ಟ ಹಕ್ಕಿ ಬರೆದು ಕೊಟ್ಟರು.

ಆಮೇಲೆ ಆ ದಿನ ಬಂತು. ಅವತ್ತು ಹೊರಗಿನವರೂ ಬರುವವರಿದ್ದರು, ಕ್ಯಾಮೆರಾ ಹಿಡಿದುಕೊಂಡು. ಸಿಸ್ಟರು ಬೆಳಗ್ಗೆಯೇ ಮೈಮೇಲೆ ಬಂದವರಂತೆ ಓಡಾಡುತ್ತಿದ್ದರು. "ಬೇಗ ಬೇಗ ಬಿಚ್ಚು. ನೀರು ಗೀರು ಮುಟ್ಟಿಸೀಯಾ ಮತ್ತೆ!"

ಕಿತ್ತಮ್ಮ ಸಾಲಿನ ಆ ತುದಿಯಿಂದ ಶುರು ಮಾಡಿದಳು. ಒಬ್ಬ ಹುಡುಗ ಅವಳನ್ನು ಕಂಡೊಡನೆ ಉಚ್ಚೆ ಹೊಯ್ದುಕೊಂಡ. ಬಟ್ಟೆ ಬದಲಿಸಿ, ಕಿತ್ತಳು. ಒಬ್ಬಳು ದಿಂಬು ಕಚ್ಚಿದಳು. ಕಿತ್ತಳು. ವಕೀಲಿ ಎಂದಿನ ಹಾಗೆ ಕಣ್ಣು ಮುಚ್ಚಿ ಬೈಯತೊಡಗಿದಳು. "ಕೀಳು, ಕೀಳು. ನಿನ್ನ ಕೈ ಸೇದಿಹೋಗಾ. ನಿನ್ನ ಸೊಂಟಕ್ಕೆ ಹುಳ ಬೀಳಾ." ಕಿತ್ತಳು. ಬೈಗುಳ ನಡುವೆ ತುಂಡಾಯಿತು. ರಕ್ತ ಹಾಸಿಗೆಗಿಳಿಯಿತು. ಒರೆಸಿದಳು.

ಮುಂದಿನ ಮಂಚ ಗುಬ್ಬಿಯದು.

ಗುಬ್ಬಿ ಅಳುತ್ತಿರಲಿಲ್ಲ. ಎರಡೂ ಕೈಯಲ್ಲಿ ತನ್ನ ತೊಡೆ ಮುಚ್ಚಿ ಹಿಡಿದುಕೊಂಡಿದ್ದಳು. ಗಾಯವಿಲ್ಲದ ತೊಡೆಯನ್ನು.

ಕಿತ್ತಮ್ಮ ಎಡಗೈಯಲ್ಲಿ ಮೀನಖಂಡ ಒತ್ತಿ ಹಿಡಿದಳು. ಬಲಗೈಯಲ್ಲಿ ತುದಿ ಎತ್ತಿದಳು. ಅಂಟಿತ್ತು. ಚೆನ್ನಾಗಿ ಅಂಟಿತ್ತು. ಎಳೆದರೆ ಏನು ಬರುತ್ತದೆಂದು ಗೊತ್ತಿತ್ತು. ಕೈ ಮುಂದಕ್ಕೆ ಹೋಗಲಿಲ್ಲ. ಅವಳಿಗೇ ಆಶ್ಚರ್ಯವಾಯಿತು. ಕೈ ಎಂದೂ ಹೀಗೆ ಮಾಡಿದ್ದಿಲ್ಲ.

"ಯಾಕೆ ನಿಂತೆ?" ವಕೀಲಿ ಪಕ್ಕದಿಂದ ಕೂಗಿದಳು. ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಹಸಿ. "ನಂದು ಕೀಳೋವಾಗ ನಿಲ್ಲಲಿಲ್ಲ? ಇವಳೇನು ನಿನ್ನ ಮಗಳಾ? ನಾವೇನು ಬೀದಿಯೋರಾ?"

ಕಿತ್ತಮ್ಮ ತಿರುಗಿ ವಕೀಲಿಯ ಹಾಸಿಗೆಯ ರಕ್ತ ನೋಡಿದಳು.

ಅವಳು ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಆಯಾಗಳು ಮಂಚದ ಮೇಲೆ ಕೂರುವ ಹಾಗಿಲ್ಲ.

ಸಿಸ್ಟರು ಓಡಿಬಂದರು. "ಏನಿದು? ಏಳು. ಬಿಚ್ಚು."

"ಬಿಚ್ಚಲ್ಲ."

"ಏನಂದೆ?"

"ಅವರು ಬರ್ಲಿ. ಬಂದ ಮೇಲೆ ನೆನೆಸಿ ಬಿಚ್ಚೋಣ. ಚರ್ಮ ಬಂದಿದೆ, ನೀವೇ ನೋಡಿದೀರಿ."

"ನೋಡಿದೀನಿ. ಹಾಗಂತ ದೊಡ್ಡೋರನ್ನ ಕಾಯಿಸೋಕಾಗುತ್ತಾ? ಇವತ್ತು ಯಾರ್ಯಾರು ಬರ್ತಿದಾರೆ ಗೊತ್ತಾ ನಿನಗೆ? ನನ್ನ ಕೆಲಸ ತೆಗೀತಾರೆ ಕಣೇ."

"ಈ ಮಗು ತೊಡೆ ತೆಗೀತಾರೆ."

"ಎದುರು ಮಾತಾಡ್ತೀಯಾ? ಏಳು, ನಾನೇ ಬಿಚ್ತೀನಿ." ಸಿಸ್ಟರು ಕೈ ಚಾಚಿದರು. ಕಿತ್ತಮ್ಮ ತನ್ನೆರಡೂ ಅಂಗೈಗಳನ್ನು ಹಕ್ಕಿಯ ಮೇಲೆ ಇಟ್ಟಳು. ಒತ್ತಲಿಲ್ಲ. ಒತ್ತಿದರೆ ನೋಯುತ್ತದೆ.

"ಮೊದಲು ನನ್ನ ಕೈ ಕೀಳಿ. ಆಮೇಲೆ ಅದನ್ನ ಕೀಳಿ."

ಸಿಸ್ಟರು ಅವಳ ಮಣಿಕಟ್ಟು ಹಿಡಿದು ಎಳೆದರು. ಉಗುರು ನಾಟಿತು. ವರ್ಷಗಟ್ಟಲೆ ಫಿನಾಯಿಲಿನಲ್ಲಿ ಬೆಂದ ಕೈ. ಅಲುಗಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ತಂಡ ಬಂತು. ತಂಡದ ಹಿಂದೆ ಹೊರಗಿನವರು ಬಂದರು. ದೊಡ್ಡ ಡಾಕ್ಟರು ನಗುತ್ತಲೇ ಸಾಲು ನೋಡಿಕೊಂಡು ಬಂದರು. ಗುಬ್ಬಿಯ ಬಳಿ ನಗು ನಿಂತಿತು.

"ಇದ್ಯಾಕೆ ಮುಚ್ಚಿದೆ? ಇವಳ್ಯಾಕೆ ಮಂಚದ ಮೇಲೆ ಕೂತಿದಾಳೆ?"

ಸಿಸ್ಟರು ಬಾಯಿ ತೆರೆಯುವ ಮೊದಲು ಕಿತ್ತಮ್ಮನೇ ಹೇಳಿದಳು.

"ಒಣಬಟ್ಟೆ ಕಿತ್ತರೆ ಹೊಸ ಚರ್ಮ ಕಿತ್ತುಬರುತ್ತೆ ಸಾರ್. ಅದಕ್ಕೆ ಕೀಳಲಿಲ್ಲ. ಉಪ್ಪುನೀರು ಹಾಕ್ಲಾ? ಸ್ವಲ್ಪ ಹೊತ್ತು ನಿಲ್ಲಿ."

"ಒಣಬಟ್ಟೆ ಯಾರು ಕೀಳ್ತಾರೆ?"

"ನಾನು."

"ಯಾವತ್ತಿನಿಂದ?"

"ಯಾವತ್ತಿನಿಂದಲೂ. ನೀವು ಬರೋ ದಿನವೆಲ್ಲಾ."

ಹೊರಗಿನವರಲ್ಲಿ ಒಬ್ಬರು ವಕೀಲಿಯ ಸೊಂಟದ ಹಸಿ ರಕ್ತ ನೋಡಿದರು. ಪಕ್ಕದ ಮಂಚ ನೋಡಿದರು. ಅದರ ಪಕ್ಕದ್ದು ನೋಡಿದರು. ಕ್ಯಾಮೆರಾ ಕೆಳಗಿಳಿಯಿತು. ದೊಡ್ಡ ಡಾಕ್ಟರ ಕುತ್ತಿಗೆ ಕೆಂಪಾಯಿತು. ಆದರೆ ಅವರು ಎಲ್ಲೂ ಮುಗ್ಗರಿಸಿದವರಲ್ಲ. ಹೊರಗಿನವರ ಕಡೆ ತಿರುಗಿದಾಗ ದನಿ ಮತ್ತೆ ನಯವಾಗಿತ್ತು.

"ನೋಡಿದ್ರಾ? ಇಷ್ಟು ಜನ ತಲೆ ಕೆಡಿಸ್ಕೊಂಡ್ವಿ, ಗಾಯ ಯಾಕೆ ಮಾಯ್ತಿಲ್ಲ ಅಂತ. ಇವತ್ತು ಗೊತ್ತಾಯ್ತು. ನಾವು ಕಟ್ಟಿದ್ದನ್ನೆಲ್ಲಾ ಈಕೆ ಕೀಳ್ತಾ ಬಂದಿದಾಳೆ."

"ಓದು ಬರಹ ಇಲ್ಲದೋರು" ಎಂದರು ಊಟದ ಮೇಡಂ.

"ತೊಗಲಿನ ಕೆಲಸದೋರ ಮನೆಯಿಂದ ಬಂದೋಳು" ಎಂದರು ಮನೆ ವಿಚಾರಿಸುವ ಮೇಡಂ. ಅವರಿಗೆ ಎಲ್ಲರ ಮನೆಯೂ ಗೊತ್ತಿತ್ತು. "ಸಂವೇದನೆ ಅನ್ನೋದೇ ಇರಲ್ಲ."

ಕಿತ್ತಮ್ಮ ಎದ್ದು ನಿಂತಳು. ಅವಳು ಕುಳ್ಳಿ. ದೊಡ್ಡ ಡಾಕ್ಟರ ಎದೆಯ ಗುಂಡಿಯ ಮಟ್ಟಕ್ಕೆ ಬರುತ್ತಿದ್ದಳು.

"ಹೌದು. ಕಿತ್ತೆ. ಈ ಕೈಯೇ ಕಿತ್ತಿದ್ದು. ಒಂದೊಂದು ಮಗೂದೂ ಕಿತ್ತಿದೀನಿ. ಕೀಳು ಅಂದ ಬಾಯಿ ಯಾವುದು ಸಾರ್? ನನಗೇನು ಹುಚ್ಚಾ, ಬೆಳಗ್ಗೆ ಎದ್ದು ಮಕ್ಕಳ ತೊಗಲು ಕೀಳೋಕೆ? ಕೇಳಿ ಇವರನ್ನ. ನೀರು ಮುಟ್ಟಿಸ್ಬೇಡ ಅಂದೋರು ಯಾರು? ನಿಮ್ಮ ಬೂಟು ಒದ್ದೆ ಆಗುತ್ತೆ ಅಂತ ಅಲ್ವಾ?"

ಸಿಸ್ಟರು ನೆಲ ನೋಡುತ್ತಿದ್ದರು. ನೆಲ ಹೊಳೆಯುತ್ತಿತ್ತು. ಅದನ್ನು ಒರೆಸಿದ್ದೂ ಕಿತ್ತಮ್ಮನೇ.

"ಸಿಸ್ಟರೇ ಹೇಳಿದ್ದು!" ವಕೀಲಿ ಮೊಣಕೈ ಊರಿ ಎದ್ದಳು. "ಬೇಗ ಬಿಚ್ಚು, ನೀರು ಮುಟ್ಟಿಸ್ಬೇಡ ಅಂತ. ನಾವೆಲ್ಲಾ ಕೇಳಿಸ್ಕೊಂಡಿದೀವಿ. ಹೇಳ್ರೋ!"

"ಹೂಂ" ಎಂದ ಒಬ್ಬ. "ಹೂಂ, ಹೂಂ" ಎಂದು ಸಾಲಿನುದ್ದಕ್ಕೂ ಸಣ್ಣ ದನಿಗಳು.

"ಪಾಪ, ನೋವಿನಲ್ಲಿ ಮಕ್ಕಳಿಗೆ ಏನೇನೋ ಕೇಳಿಸುತ್ತೆ" ಎಂದು ಮನೆ ವಿಚಾರಿಸುವ ಮೇಡಂ ಹೊರಗಿನವರಿಗೆ ವಿವರಿಸಿದರು. ವಕೀಲಿಯ ತಲೆ ಸವರಲು ಹೋದರು. ವಕೀಲಿ ಆ ಕೈಯನ್ನು ಕಚ್ಚಿದಳು.

ದೊಡ್ಡ ಡಾಕ್ಟರು ಬಾಗಿಲ ಕಡೆ ಬೆರಳು ತೋರಿಸಿದರು. "ಈಕೆಯನ್ನ ಹೊರಗೆ ಕಳಿಸಿ. ನಾಳೆಯಿಂದ ಬರೋದು ಬೇಡ. ಸಿಸ್ಟರ್, ಉಪ್ಪುನೀರು ತನ್ನಿ. ಇನ್ನು ಮೇಲೆ ನಾನು ಬಂದ ಮೇಲೇ, ನೆನೆಸಿಯೇ ಬಿಚ್ಚಬೇಕು. ಇದು ನನ್ನ ಆಜ್ಞೆ."

ಹೊರಗಿನವರು ತಲೆಯಾಡಿಸಿದರು. ಒಬ್ಬರು ಆ ಮಾತನ್ನು ಬರೆದುಕೊಂಡರು.

ಕಾವಲುಗಾರ ಕಿತ್ತಮ್ಮನ ತೋಳು ಹಿಡಿದು ನಡೆಸಿಕೊಂಡು ಹೊರಟ. ಬಾಗಿಲು ದಾಟಿದ ಮೇಲೆ ಅವನು ಹಿಡಿತ ಸಡಿಲಿಸಿದ. "ನಿಂತ್ಕೋ ಅಕ್ಕ, ಒಂದು ಗಳಿಗೆ" ಎಂದು ತಾನು ಬೇಕೆಂದೇ ಬೂಟಿನ ದಾರ ಕಟ್ಟಲು ಕೂತ. ದಾರ ಬಿಚ್ಚಿರಲೇ ಇಲ್ಲ.

ಅವಳು ಗೋಡೆಗೆ ಕಿವಿ ಕೊಟ್ಟು ನಿಂತಳು. ಒಳಗೆ ಬೋಗುಣಿಯ ಸದ್ದು. ನೀರು ಸುರಿಯುವ ಸದ್ದು. ಆಮೇಲೆ ಏನೂ ಇಲ್ಲ. ಅವಳು ಕಿರುಚುವಿಕೆಗೆ ಕಾದಳು. ತಂಡ ಬರುವ ದಿನ ಆ ದನಿಯಿಲ್ಲದೆ ಪಟ್ಟಿ ಬಿಚ್ಚಿದ್ದನ್ನು ಇಷ್ಟು ವರ್ಷದಲ್ಲಿ ಅವಳು ಕಂಡಿರಲಿಲ್ಲ. ಕಾದಳು. ಕಿರುಚುವಿಕೆ ಬರಲಿಲ್ಲ.

"ಆಹಾ!" ಎಂದರು ದೊಡ್ಡ ಡಾಕ್ಟರು ಒಳಗೆ. "ಎಂಥಾ ಚರ್ಮ! ಅರ್ಧ ಮುಚ್ಚಿಬಿಟ್ಟಿದೆ. ತೊಡೆ ಮುಟ್ಟೋದೇ ಬೇಡ. ಇದು ಒಬ್ಬರ ಕೆಲಸ ಅಲ್ಲ, ಇಡೀ ತಂಡದ ಕೆಲಸ."

ಚಪ್ಪಾಳೆ ಕೇಳಿಸಿತು.

ಕಾವಲುಗಾರ ದಾರ ಬಿಗಿದು ಎದ್ದ. "ಹೋಗೋಣ ಅಕ್ಕ."

ಗೇಟಿನ ಹೊರಗೆ ಮಕ್ಕಳ ತಾಯಂದಿರು ಕಾಯುವ ತಗಡಿನ ಚಪ್ಪರ. ಪಟ್ಟಿ ಬಿಚ್ಚುವಾಗ ಅವರನ್ನು ಎಂದೂ ಒಳಗೆ ಬಿಡುವುದಿಲ್ಲ; ಅವತ್ತು ಕ್ಯಾಮೆರಾದವರಿದ್ದುದರಿಂದ ತಂಡ ಹೋಗುವ ತನಕವೂ ಬಿಟ್ಟಿರಲಿಲ್ಲ. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು, ಆಸ್ಪತ್ರೆಯವರು ಹೇಳಿದ ರೂಪದಲ್ಲೇ. ಮಕ್ಕಳ ಗಾಯ ಮಾಯದಿರಲು ಕಾರಣ ಆಯಾ. ಬೇಕಂತಲೇ ಕೀಳುತ್ತಿದ್ದಳಂತೆ.

ವಕೀಲಿಯ ಅಮ್ಮ ಮೊದಲು ಎದ್ದಳು. ದೊಡ್ಡ ಮೈಯ, ದೊಡ್ಡ ಗಂಟಲಿನ ಹೆಂಗಸು. "ನನ್ನ ಮಗಳ ಹರೆಯವನ್ನೇ ತಿಂದ್ಯಲ್ಲೇ ರಾಕ್ಷಸಿ!" ಎಂದು ಕೈಗೆ ಸಿಕ್ಕ ಚಪ್ಪಲಿ ಬೀಸಿದಳು. ಅದು ಕಿತ್ತಮ್ಮನ ಕಿವಿಗೆ ಬಡಿಯಿತು. ಇನ್ನೊಬ್ಬಳು ಉಗಿದಳು. ಮತ್ತೊಬ್ಬಳು ಕೂದಲಿಗೆ ಕೈ ಹಾಕಿದಳು. ಕಿತ್ತಮ್ಮ ತಪ್ಪಿಸಿಕೊಳ್ಳಲಿಲ್ಲ. ಕಾಯಿದೆ, ಬೂಟು, ಸಿಸ್ಟರು, ಯಾವುದನ್ನೂ ಹೇಳಲಿಲ್ಲ. ಹೇಳಿದರೂ ಈ ಹೆಂಗಸರ ಮಕ್ಕಳ ಚರ್ಮ ಕಿತ್ತದ್ದು ಈ ಕೈ ಅಲ್ಲವೆಂದು ಆಗುತ್ತಿರಲಿಲ್ಲ.

ಕಾವಲುಗಾರ ನಡುವೆ ಬಂದು ಬಿಡಿಸಿದ. ಹೆಂಗಸರು ಏದುಸಿರು ಬಿಡುತ್ತ ಚಪ್ಪರದ ಆ ಕಡೆಗೆ ಸರಿದರು. ಅವಳು ಈ ಕಡೆಯ ಕಲ್ಲುಬೆಂಚಿನ ಮೇಲೆ ಕುಸಿದಳು. ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಎದ್ದು ಮನೆಗೆ ಹೋಗಬೇಕಿತ್ತು. ಏಳಲಾಗಲಿಲ್ಲ. ಬೆಳಗ್ಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಗುಬ್ಬಿಯ ಅಮ್ಮ ಮಾತ್ರ ಬೈದಿರಲಿಲ್ಲ, ಹೊಡೆದಿರಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದಳು. ಈಗ ನಡೆದು ಬಂದು ಬೆಂಚಿನ ಎದುರು ನಿಂತಳು. ಅವಳ ಕೈಗಳೂ ಬೆಂದಿದ್ದವು, ಬಟ್ಟೆ ಒಗೆಯುವ ಸೋಡಾ ನೀರಿನಲ್ಲಿ.

"ಕಿರುಚಿದ್ಲಾ?" ಎಂದು ಕೇಳಿದಳು.

"ಇಲ್ಲ."

"ಚರ್ಮ?"

"ಇದೆ. ತೊಡೆ ಮುಟ್ಟಲ್ಲ ಅಂದ್ರು."

ಗುಬ್ಬಿಯ ಅಮ್ಮ ಕಣ್ಣು ಮುಚ್ಚಿದಳು. ತೆರೆದಾಗ ಆ ಕಣ್ಣಿನಲ್ಲಿ ಕೃತಜ್ಞತೆ ಇರಲಿಲ್ಲ.

"ಇಷ್ಟು ದಿನ ಕಿತ್ತೋಳೂ ನೀನೇ ಅಲ್ವಾ?"

"ಹೂಂ."

"ಮೊದಲೇ ಬಿಚ್ಚಲ್ಲ ಅಂದಿದ್ರೆ?"

ಕಿತ್ತಮ್ಮ ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಉಗುರಿನ ಸಂದಿಯಲ್ಲಿ ವಕೀಲಿಯ ರಕ್ತ ಒಣಗಿತ್ತು.

ಆ ಕಡೆಯ ಹೆಂಗಸರು ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಗುಬ್ಬಿಯ ಅಮ್ಮ ಬೆಂಚಿನ ಮೇಲೆ, ಪಕ್ಕದಲ್ಲೇ ಕೂತಳು. ಚೀಲದಿಂದ ತನ್ನ ಮಧ್ಯಾಹ್ನದ ಊಟದ ಡಬ್ಬಿ ತೆಗೆದಳು. ಬಾಟಲಿಯ ನೀರಿನಿಂದ ಕಿತ್ತಮ್ಮನ ಕೈಗಳನ್ನು ತೊಳೆದಳು, ಒಂದೊಂದಾಗಿ, ಬೆರಳ ಸಂದಿಯನ್ನೂ ಬಿಡದೆ. ಸೆರಗಿನಿಂದ ಒರೆಸಿದಳು. ಮುಚ್ಚಳ ತೆಗೆದು ಡಬ್ಬಿಯನ್ನು ಆ ಕೈಗಳಲ್ಲಿ ಇಟ್ಟಳು.